ಬಹುನಾಣ್ಯದ ಬಾಕಿಯೂ ರೂಪಾಯಿಯ ಅಂಕಣವೂ: ಋಣಿಖಾತೆಗಳ ವಿನ್ಯಾಸವನ್ನು ಕುರಿತು ಒಂದು ವಿಮರ್ಶೆ

ದಾವಣಗೆರೆಯ ವ್ಯಾಪಾರವೆಂದೊಡನೆ ಹತ್ತಿಯ ಗಿರಣಿಗಳೂ ಮಂಡಕ್ಕಿಯ ಭಟ್ಟಿಗಳೂ ದಲಾಲಿ ಅಂಗಡಿಗಳೂ ನೆನಪಿಗೆ ಬರುವುದು ಸಹಜ. ಹರಿಹರವೆಂದರೆ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ನೆನಪಾಗುತ್ತಿದ್ದ ಕಾಲವೊಂದಿತ್ತು. ಆ ಕಾರ್ಖಾನೆ ಈಗಿಲ್ಲ. ಗಿರಣಿಗಳ ಸದ್ದೂ ಬಹುಮಟ್ಟಿಗೆ ಅಡಗಿದೆ. ಆದರೆ ಈ ಸೀಮೆಯ ಸರಕು ಹೊರನಾಡುಗಳಿಗೆ ಹೋಗುವುದು ನಿಂತಿಲ್ಲ. ನೀರಾವರಿಯ ಹೊಲಗಳಲ್ಲಿ ರೈತರು ಕರಾರಿನ ಮೇಲೆ ಬೆಳೆದುಕೊಡುವ ಮಿಡಿಸೌತೆ ಉಪ್ಪುನೀರಿನಲ್ಲಿ ಮುಳುಗಿ, ಪೀಪಾಯಿಗಳಲ್ಲಿ ತುಂಬಿ, ಯೂರೋಪು ಅಮೆರಿಕಗಳ ಊಟದ ಮೇಜಿಗೆ ಪ್ರಯಾಣ ಮಾಡುತ್ತದೆ. 2020-21ರಲ್ಲಿ ಭಾರತದಿಂದ ರಫ್ತಾದ ಸೌತೆ ಮತ್ತು ಮಿಡಿಸೌತೆಯ ಮೊತ್ತ 2,23,515 ಟನ್ನು. ಅದರ ಬೆಲೆ 22.3 ಕೋಟಿ ಡಾಲರು. ಈ ಬೆಳೆಯಲ್ಲಿ ಕರ್ನಾಟಕಕ್ಕೆ ಪ್ರಧಾನಸ್ಥಾನವಿರುವುದು ವಾಣಿಜ್ಯಶಾಸ್ತ್ರದ ಅಧ್ಯಾಪಕರಿಗೆ ತಿಳಿದ ಸಂಗತಿಯೇ. ಸರಕು ಹೋದ ಮೇಲೆ ಹಣ ಬರಬೇಕು. ಆ ಹಣ ಡಾಲರಿನಲ್ಲಿಯೋ ಯೂರೋವಿನಲ್ಲಿಯೋ ಬರತಕ್ಕದ್ದು. ಅದನ್ನು ಬರೆದಿಡುವ ಪುಸ್ತಕ ಮಾತ್ರ ರೂಪಾಯಿಯದು. ಈ ಎರಡರ ನಡುವೆ ಏಳುವ ತೊಡಕೇ ಪ್ರಸ್ತುತ ಲೇಖನದ ವಿಷಯ.

ನಮ್ಮ ಕಾಲೇಜುಗಳ ಗಣಕ ಪ್ರಯೋಗಶಾಲೆಗಳಲ್ಲಿ ಲೆಕ್ಕಪತ್ರದ ತಂತ್ರಾಂಶವನ್ನು ಕಲಿಸುವಾಗ ವಿದೇಶೀ ನಾಣ್ಯದ ಪ್ರಕರಣಕ್ಕೆ ಸಾಮಾನ್ಯವಾಗಿ ಒಂದು ಗಂಟೆಯ ಅವಧಿ ದೊರೆಯುತ್ತದೆ. ಡಾಲರಿನ ಚಿಹ್ನೆಯನ್ನು ನಮೂದಿಸುವುದು, ದರವನ್ನು ತುಂಬುವುದು, ಒಂದು ಮಾರಾಟವನ್ನೂ ಅದಕ್ಕೆ ಸರಿಯಾದ ಒಂದು ಜಮೆಯನ್ನೂ ಬರೆಯುವುದು, ವ್ಯತ್ಯಾಸವನ್ನು ಒಂದು ಜರ್ನಲ್ ನಮೂದಿನಿಂದ ತೊಡೆದುಹಾಕುವುದು: ಇಷ್ಟಕ್ಕೆ ಪಾಠ ಮುಗಿಯುತ್ತದೆ. ಖಾತೆಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು, ಏಕೆ ಹಾಗೆಯೇ ಜೋಡಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ತಂತ್ರಾಂಶ ತಾನೇ ಎಲ್ಲವನ್ನೂ ಸರಿಪಡಿಸುತ್ತದೆಂಬ ನಂಬಿಕೆ ಇದಕ್ಕೆ ಕಾರಣವಿರಬಹುದು. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಟ್ಯಾಲಿ ಮತ್ತು ಗ್ನೂಕ್ಯಾಶ್ ಎಂಬ ಎರಡು ತಂತ್ರಾಂಶಗಳ ಆಧಾರದಿಂದ ಪರೀಕ್ಷಿಸಲು ಉದ್ದೇಶಿಸಿದ್ದೇವೆ. ಮೊದಲನೆಯದು ನಮ್ಮ ಪೇಟೆಯಲ್ಲೆಲ್ಲ ರೂಢಿಯಲ್ಲಿರುವುದು. ಎರಡನೆಯದು ಬೆಲೆಯಿಲ್ಲದೆ ದೊರೆಯುವುದು, ಅದರ ಒಳಗುಟ್ಟು ಎಲ್ಲರ ಪರಿಶೀಲನೆಗೂ ತೆರೆದಿರುವುದು.

ಹಲವು ನಾಣ್ಯಗಳ ಲೆಕ್ಕ ಈ ಊರಿಗೆ ಹೊಸದೆಂದು ಭಾವಿಸಬೇಕಾಗಿಲ್ಲ. ಹೈದರಾಲಿ ದಾವಣಗೆರೆಯನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ ಆತನ ಪ್ರೋತ್ಸಾಹದಿಂದ ವರ್ತಕರು ಬಂದು ನೆಲೆಸಿದರೆಂದೂ ಗ್ಯಾಸೆಟಿಯರು ಹೇಳುತ್ತದೆ. 1800-01ರ ಪ್ರವಾಸದಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬ್ಯೂಕನನ್ ಇಲ್ಲಿನ ಕಂಬಳಿಯ ವ್ಯಾಪಾರವನ್ನು ಗಮನಿಸಿ ಬರೆದಿದ್ದಾನೆ. ಆ ಕಾಲದ ಮೈಸೂರು ಸೀಮೆಯಲ್ಲಿ ಇಕ್ಕೇರಿಯ ವರಹ, ಬಹಾದ್ದೂರಿ ವರಹ, ಕಂಠೀರಾಯಿ ಹಣ, ಬಗೆಬಗೆಯ ರೂಪಾಯಿಗಳು ಒಟ್ಟಿಗೇ ಚಲಾವಣೆಯಲ್ಲಿದ್ದವು. ಒಂದಕ್ಕೊಂದರ ಬೆಲೆ ಊರಿಂದೂರಿಗೆ ಬದಲಾಗುತ್ತಿತ್ತು. ಅಂಥ ಪೇಟೆಯಲ್ಲಿ ಬಾಕಿಯೆಂದರೆ ಇಂಥ ನಾಣ್ಯದ ಬಾಕಿಯೆಂದೇ ಅರ್ಥ. ನಾಣ್ಯದ ಹೆಸರಿಲ್ಲದ ಅಂಕಿಗೆ ಅಲ್ಲಿ ಬೆಲೆಯಿರಲಿಲ್ಲ. ಸರಾಫನ ವಟ್ಟ ಬೇರೆ, ಸರಕಿನ ಬೆಲೆ ಬೇರೆ ಎಂಬ ವಿವೇಕ ಅಂದಿನ ವ್ಯವಹಾರದಲ್ಲಿಯೇ ಅಡಕವಾಗಿತ್ತು. ಒಂದೇ ನಾಣ್ಯದ ರಾಜ್ಯದಲ್ಲಿ ಹುಟ್ಟಿ ಬೆಳೆದ ನಮಗೆ ಆ ವಿವೇಕವನ್ನು ಮತ್ತೆ ಕಲಿಯಬೇಕಾದ ಅಗತ್ಯ ಬಂದಿದೆ.

ಮೂಲಪ್ರಶ್ನೆಗೆ ಬರೋಣ. ಅಮೆರಿಕದ ಗ್ರಾಹಕನೊಬ್ಬ ನಮ್ಮ ವರ್ತಕನಿಗೆ ಸಾವಿರ ಡಾಲರು ಕೊಡಬೇಕಾಗಿದೆ ಎಂದಿಟ್ಟುಕೊಳ್ಳಿ. ಆತನ ಋಣವೆಷ್ಟು? ಸಾವಿರ ಡಾಲರು, ಇದು ಕರಾರಿನಿಂದ ಗೊತ್ತಾದ ಸಂಗತಿ. ಅದರ ರೂಪಾಯಿಯ ಬೆಲೆಯೆಷ್ಟು? ಅದು ಯಾವ ದಿನ, ಯಾರ ದರದಿಂದ ಕೇಳುತ್ತೀರಿ ಎಂಬುದನ್ನು ಅವಲಂಬಿಸಿದೆ. 1966ರ ಜೂನ್ 6ರಂದು ಡಾಲರಿನ ಬೆಲೆ 4.76 ರೂಪಾಯಿಯಿಂದ 7.50 ರೂಪಾಯಿಗೆ ಏರಿತು. ಹಿಂದಿನ ದಿನ 4,760 ರೂಪಾಯಿಯಾಗಿದ್ದ ಸಾವಿರ ಡಾಲರಿನ ಬಾಕಿ ಮಾರನೆಯ ದಿನ 7,500 ಆಯಿತು. ಗ್ರಾಹಕ ಒಂದು ಕಾಸನ್ನೂ ಹೆಚ್ಚಾಗಿ ಕೊಳ್ಳಲಿಲ್ಲ, ವರ್ತಕ ಒಂದು ಚೀಲವನ್ನೂ ಹೆಚ್ಚಾಗಿ ಕಳಿಸಲಿಲ್ಲ. ಋಣಿಯ ಖಾತೆಯಲ್ಲಿ ಡಾಲರಿನ ಅಂಕಣವೇ ವಾಸ್ತವವನ್ನು ಹೇಳುತ್ತದೆ. ರೂಪಾಯಿಯ ಅಂಕಣ ಆ ವಾಸ್ತವಕ್ಕೆ ಒಂದು ದಿನದ ಮಟ್ಟಿಗೆ ಮಾಡಿದ ಮೌಲ್ಯಮಾಪನ. ಅಢಾವೆ ಪತ್ರಿಕೆಗೆ ಈ ಮೌಲ್ಯಮಾಪನ ಬೇಕು, ತೆರಿಗೆಗೂ ಬೇಕು. ಲೆಕ್ಕಪರಿಶೋಧಕರ ಸಂಸ್ಥೆಯ ಹನ್ನೊಂದನೆಯ ಲೆಕ್ಕಮಾನಕವೂ ವ್ಯವಹಾರದ ದಿನದ ದರದಲ್ಲಿ ಮೊದಲು ಬರೆದು, ಬಾಕಿ ಉಳಿದ ಹಣವನ್ನು ವರ್ಷಾಂತ್ಯದ ದರಕ್ಕೆ ತಂದು, ವ್ಯತ್ಯಾಸವನ್ನು ಲಾಭನಷ್ಟದ ಖಾತೆಗೆ ಒಯ್ಯಬೇಕೆಂದು ವಿಧಿಸುತ್ತದೆ. ಆದರೆ ಮೌಲ್ಯಮಾಪನವನ್ನೇ ಋಣವೆಂದು ತಿಳಿದು ಖಾತೆಯನ್ನು ಬರೆದರೆ ಏನಾಗುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು.

ಹರಿಹರದ ಒಬ್ಬ ರಫ್ತುದಾರ 20,000 ಡಾಲರಿನ ಮಿಡಿಸೌತೆಯನ್ನು ಕಳಿಸಿದನೆನ್ನಿ. ಆ ದಿನದ ದರ 83 ರೂಪಾಯಿ. ಋಣಿಯ ಖಾತೆಗೆ 16,60,000 ರೂಪಾಯಿ ಬರೆಯಲಾಯಿತು. ಪೀಪಾಯಿ ತೆರೆದು ನೋಡಿದ ಗ್ರಾಹಕ, ಕಾಯಿ ಒಪ್ಪಿದ ಗಾತ್ರಕ್ಕಿಂತ ದಪ್ಪವಾಗಿದೆಯೆಂದು 300 ಡಾಲರನ್ನು ವಜಾ ಮಾಡಿದ. ದಾರಿಯಲ್ಲಿ ಹೊರದೇಶದ ಬ್ಯಾಂಕೊಂದು ತನ್ನ ಶುಲ್ಕವೆಂದು 25 ಡಾಲರು ಹಿಡಿದುಕೊಂಡಿತು. ಉಳಿದ 19,675 ಡಾಲರು ದಾವಣಗೆರೆಯ ಬ್ಯಾಂಕಿಗೆ ಬಂದು, 83.60ರ ದರದಲ್ಲಿ 16,44,830 ರೂಪಾಯಿಯಾಗಿ ಜಮೆಯಾಯಿತು. ಗುಮಾಸ್ತನ ಕಣ್ಣಿಗೆ ಬೀಳುವುದು ಈ ಕೊನೆಯ ಅಂಕಿ. 15,170 ರೂಪಾಯಿ ಕಡಮೆ ಬಂದಿದೆ. ವಿದೇಶದ ವ್ಯವಹಾರವಾದ್ದರಿಂದ ಇದು ವಿನಿಮಯದ ನಷ್ಟವೆಂದು ಬರೆದು ಆತ ಬಿಲ್ಲನ್ನು ಚುಕ್ತಾ ಮಾಡುತ್ತಾನೆ. ಪುಸ್ತಕ ತಾಳೆಯಾಯಿತು. ಮಾಲೀಕನಿಗೆ ಸಮಾಧಾನವೂ ಆಯಿತು, ಏಕೆಂದರೆ ರೂಪಾಯಿಯ ದರ ಆತನ ಕೈಯಲ್ಲಿಲ್ಲ.

ಈಗ ಡಾಲರಿನ ಅಂಕಣದಿಂದ ಅದೇ ವ್ಯವಹಾರವನ್ನು ಓದೋಣ. ಸರಕಿನ ಗುಣದ ಬಾಬ್ತು ಹೋದದ್ದು 300 ಡಾಲರು, ಮೂಲ ದರದಲ್ಲಿ 24,900 ರೂಪಾಯಿ. ಬ್ಯಾಂಕಿನ ಶುಲ್ಕ 2,075 ರೂಪಾಯಿ. ಇನ್ನು ವಿನಿಮಯದಲ್ಲಿ ನಷ್ಟವಾಗುವುದಿರಲಿ, ಬಂದ ಒಂದೊಂದು ಡಾಲರಿಗೂ 60 ಪೈಸೆಯಂತೆ 11,805 ರೂಪಾಯಿ ಲಾಭವೇ ಆಗಿದೆ. ಈ ಮೂರನ್ನೂ ಕೂಡಿ ಕಳೆದರೆ ದೊರೆಯುವುದೇ ಆ 15,170. ಮೊತ್ತವೊಂದೇ, ಅರ್ಥ ಮಾತ್ರ ತಲೆಕೆಳಗಾಗಿದೆ. ರೂಪಾಯಿಯ ಅಂಕಣ ದೂರುವುದು ದೆಹಲಿ ಮುಂಬಯಿಗಳ ಹಣದ ಮಾರುಕಟ್ಟೆಯನ್ನು. ಡಾಲರಿನ ಅಂಕಣ ಬೊಟ್ಟುಮಾಡುವುದು ಹರಿಹರದ ಕಾಯಿ ಆರಿಸುವ ಮೇಜನ್ನು. ದರ ಏರಿದ ವರ್ಷದಲ್ಲಿ ಇಂಥ ಕಡಿತಗಳು ಹಲವಾದರೂ ವಿನಿಮಯದ ಲಾಭ ಅವನ್ನು ಮುಚ್ಚಿಹಾಕುತ್ತದೆ. ದರ ಇಳಿದ ವರ್ಷದಲ್ಲಿ ಎಲ್ಲವೂ ಒಮ್ಮೆಗೇ ಬಯಲಾಗಿ, ಮುಂದಿನ ಹಂಗಾಮಿನ ಕರಾರಿನಲ್ಲಿ ರೈತನಿಗೆ ಕೊಡುವ ದರವನ್ನು ಇಳಿಸಬೇಕೆಂಬ ಮಾತು ಹೊರಡುತ್ತದೆ. ಮಿಡಿಸೌತೆಗೆ ಕಾಯಿಯ ಗಾತ್ರಕ್ಕೆ ತಕ್ಕಂತೆ ಮೊದಲೇ ಬೆಲೆ ಗೊತ್ತಾಗಿರುತ್ತದೆ; ಒಂದು ದಿನ ತಡವಾಗಿ ಕೊಯ್ದರೆ ಮೇಲಿನ ದರ್ಜೆಯ ಕಾಯಿ ಕೆಳಗಿನ ದರ್ಜೆಗೆ ಬೀಳುತ್ತದೆ. ಹೀಗಿರಲಾಗಿ ಕಡಿತ ಯಾವ ಬಾಬ್ತಿನದೆಂಬುದನ್ನು ಪುಸ್ತಕ ಹೇಳಲಾರದಿದ್ದರೆ, ಅದರ ಹೊರೆಯನ್ನು ಯಾರು ಹೊರಬೇಕೆಂಬ ನ್ಯಾಯವನ್ನೂ ತೀರ್ಮಾನಿಸುವಂತಿಲ್ಲ.

ಟ್ಯಾಲಿಯ ವಿನ್ಯಾಸವನ್ನು ಈ ದೃಷ್ಟಿಯಿಂದ ನೋಡಬೇಕು. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ ಗೋಯೆಂಕಾ ಆರಂಭಿಸಿದ ಸಂಸ್ಥೆಯ ಕೃತಿಯಿದು. ತಂದೆಯವರ ವ್ಯಾಪಾರ ಬಟ್ಟೆಯ ಗಿರಣಿಗಳಿಗೂ ಇತರ ಕಾರ್ಖಾನೆಗಳಿಗೂ ಸರಕು ಒದಗಿಸುವುದಾಗಿತ್ತು. ಪೇಟೆಯ ಗುಮಾಸ್ತನ ಮನಸ್ಸನ್ನು ಅರಿತು ಮಾಡಿದ ತಂತ್ರಾಂಶವೆಂಬುದು ಅದನ್ನು ಬಳಸಿದವರಿಗೆಲ್ಲ ಗೊತ್ತು. ಅದರ ಜನಪ್ರಿಯತೆಯ ಗುಟ್ಟೂ ಅದೇ. ಅದರಲ್ಲಿ ಋಣಿಗಳೆಲ್ಲ ‘ಸಂಡ್ರಿ ಡೆಟರ್ಸ್’ ಎಂಬ ಒಂದು ಗುಂಪಿನ ಕೆಳಗೆ ಬರುತ್ತಾರೆ. ಪ್ರತಿಯೊಂದು ಲೆಡ್ಜರಿಗೂ ಅದರದೇ ಕರೆನ್ಸಿಯನ್ನು ನಿಗದಿ ಮಾಡಬಹುದು. ಬಿಲ್ಲಿನಿಂದ ಬಿಲ್ಲಿಗೆ ಬಾಕಿಯನ್ನು ಇಡಬಹುದು. ದರದ ಏರಿಳಿತದಿಂದ ಹುಟ್ಟಿದ ವ್ಯತ್ಯಾಸವನ್ನು ತಂತ್ರಾಂಶ ತಾನೇ ಗುಣಿಸಿ, ‘ಹೊಂದಿಸದ ವಿನಿಮಯ ಲಾಭನಷ್ಟ’ ಎಂಬ ಅರ್ಥದ ತಲೆಬರಹದಡಿ ಅಢಾವೆ ಪತ್ರಿಕೆಯಲ್ಲಿ ತೋರಿಸುತ್ತದೆ. ಈ ಕೊನೆಯ ಗುಣವನ್ನು ನಾವು ಮೆಚ್ಚುತ್ತೇವೆ. ಮುಗಿಯದ ಕೆಲಸವನ್ನು ಮುಗಿದಂತೆ ತೋರಿಸದೆ, ಇನ್ನೂ ಹೊಂದಿಸಬೇಕಾದದ್ದು ಇಷ್ಟಿದೆಯೆಂದು ಮುಖಕ್ಕೆ ಹೇಳುವುದು ಒಳ್ಳೆಯ ಗುಮಾಸ್ತನ ಲಕ್ಷಣ. ಆದರೆ ನಮ್ಮ ಪಾಠದಲ್ಲಿ ಆ ಸಾಲನ್ನು ಕಲೆಯೆಂಬಂತೆ ಕಂಡು, ಒಂದೇ ನಮೂದಿನಿಂದ ಒರೆಸಿಹಾಕುವುದನ್ನು ಕಲಿಸುತ್ತೇವೆ. ಕೈಗೆ ಬಂದ ಹಣದ ಮೇಲಿನ ವ್ಯತ್ಯಾಸವೂ ವರ್ಷಾಂತ್ಯಕ್ಕೆ ಬರಿಯ ಅಂದಾಜಿನಿಂದಾದ ವ್ಯತ್ಯಾಸವೂ ಒಂದೇ ಲೆಡ್ಜರಿನಲ್ಲಿ ಬೆರೆತುಹೋಗುತ್ತವೆ.

ಟ್ಯಾಲಿಯ ದೋಷ ಅದರ ಔದಾರ್ಯದಲ್ಲಿದೆ. ಡಾಲರಿನದೆಂದು ನಿಗದಿಯಾದ ಲೆಡ್ಜರಿನಲ್ಲಿ ಬೇರೆ ನಾಣ್ಯದ ಮೊತ್ತವನ್ನು ಬರೆಯಲೂ ಅದು ಅಡ್ಡಿಮಾಡುವುದಿಲ್ಲ. ದರವನ್ನು ಗುಮಾಸ್ತ ಇಷ್ಟಬಂದಂತೆ ತುಂಬಬಹುದು. ನಮ್ಮ ಉದಾಹರಣೆಯಲ್ಲಿ ಬಿಲ್ಲು ಚುಕ್ತಾ ಆಗಲೆಂದು ಆತ 20,000 ಡಾಲರೂ ಬಂತೆಂದು ಬರೆದು, ದರವನ್ನು 82.2415 ಎಂದು ಹಿಂದಿನಿಂದ ಮುಂದಕ್ಕೆ ಗುಣಿಸಿ ಕೂರಿಸಿದರೆ, ರೂಪಾಯಿಯ ಮೊತ್ತ ಬ್ಯಾಂಕಿನ ಜಮೆಗೆ ಸರಿಹೋಗುತ್ತದೆ. ಆ ದಿನ ಯಾವ ಬ್ಯಾಂಕೂ ಕೊಡದ ದರ ಅದು. ತಂತ್ರಾಂಶ ಅದನ್ನು ಒಪ್ಪಿ, ನಿಷ್ಠೆಯಿಂದ 15,170 ರೂಪಾಯಿಯ ವಿನಿಮಯ ನಷ್ಟವನ್ನು ತೋರಿಸುತ್ತದೆ. ಅಂಕಗಣಿತ ನಿರ್ದುಷ್ಟವಾಗಿದೆ.

ಗ್ನೂಕ್ಯಾಶ್‌ನ ಸ್ವಭಾವ ಇದಕ್ಕೆ ವ್ಯತಿರಿಕ್ತ. 1990ರ ದಶಕದ ಕೊನೆಯಲ್ಲಿ ಸ್ವಯಂಸೇವಕರ ಕೈಯಲ್ಲಿ ರೂಪುಗೊಂಡ ಈ ತಂತ್ರಾಂಶದಲ್ಲಿ ಒಂದು ಖಾತೆಗೆ ಒಂದೇ ನಾಣ್ಯ. ಬರತಕ್ಕ ಬಾಕಿಯ ಖಾತೆಯೂ ಇದಕ್ಕೆ ಹೊರತಲ್ಲ: ಡಾಲರಿನ ಗ್ರಾಹಕರಿಗೆ ಡಾಲರಿನದೇ ಒಂದು, ಯೂರೋವಿನವರಿಗೆ ಯೂರೋವಿನದೇ ಒಂದು. ಗ್ರಾಹಕನ ನಾಣ್ಯಕ್ಕೆ ಹೊಂದದ ಖಾತೆಗೆ ಬಿಲ್ಲನ್ನು ಏರಿಸಲು ಅದು ಬಿಡುವುದೇ ಇಲ್ಲ. ಹೊಸಬನಿಗೆ ಇದು ಮೊಂಡುತನವೆನಿಸುತ್ತದೆ. ಆದರೆ ಮೇಲೆ ವಿವರಿಸಿದ ವಾಸ್ತವ ಮತ್ತು ಮೌಲ್ಯಮಾಪನಗಳ ಭೇದವನ್ನು ಅದು ಖಾತೆಗಳ ಪಟ್ಟಿಯಲ್ಲಿಯೇ ಕೆತ್ತಿಟ್ಟಿದೆ. ಡಾಲರಿನ ಖಾತೆಯ ಶಿಲ್ಕನ್ನು ಕೇಳಿದರೆ ಡಾಲರಿನಲ್ಲಿಯೇ ಉತ್ತರ ಬರುತ್ತದೆ. ನಾಣ್ಯಗಳನ್ನು ಕೂಡಿ ಒಂದೇ ಮೊತ್ತ ಬೇಕಾದವನು ವರದಿಯಲ್ಲಿ ದರವನ್ನು ಆರಿಸಿಕೊಳ್ಳಬೇಕು.

ಹಾಗೆಂದು ಅದನ್ನು ನಿರ್ದೋಷಿಯೆನ್ನಲಾಗದು. ಹಣ ಜಮೆಯಾದಾಗ ವಿನಿಮಯದ ಲಾಭನಷ್ಟವನ್ನು ಅದು ತಾನಾಗಿ ಲಾಭನಷ್ಟದ ಖಾತೆಗೆ ಬರೆಯುವುದಿಲ್ಲ. ನಾಣ್ಯನಾಣ್ಯಗಳ ನಡುವಣ ಅದಲುಬದಲನ್ನು ತೋರಿಸುವ ‘ಟ್ರೇಡಿಂಗ್’ ಖಾತೆಗಳ ಏರ್ಪಾಡಿದ್ದರೂ ಬಳಸುವವನು ಅದನ್ನು ಕೇಳಿ ಪಡೆಯಬೇಕು. ಕೇಳದವನಿಗೆ ಅಂಥದೊಂದು ಇದೆಯೆಂಬುದೇ ತಿಳಿಯುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, 20,000 ಡಾಲರು ಬಂದಿತೆಂದೂ ಬ್ಯಾಂಕಿಗೆ 16,44,830 ರೂಪಾಯಿ ಜಮೆಯಾಯಿತೆಂದೂ ಬರೆದರೆ, ಇಲ್ಲದ ಆ 82.2415ರ ದರವನ್ನು ಈ ತಂತ್ರಾಂಶ ತಾನೇ ಗುಣಿಸಿಕೊಡುತ್ತದೆ! ಟ್ಯಾಲಿಯ ಗುಮಾಸ್ತನಿಗೆ ಆ ಗುಣಾಕಾರದ ಶ್ರಮವಾದರೂ ಇತ್ತು. ಖಾತೆಗಳನ್ನು ನಾಣ್ಯದಂತೆ ಬೇರ್ಪಡಿಸಿದ ಮಾತ್ರಕ್ಕೆ ಪುಸ್ತಕ ಸತ್ಯವನ್ನು ನುಡಿಯುತ್ತದೆಂಬ ಭರವಸೆಯಿಲ್ಲ. ಬ್ಯಾಂಕಿನ ಸೂಚನಾಪತ್ರದಲ್ಲಿರುವ ಡಾಲರಿನ ಮೊತ್ತವನ್ನು ಮೊದಲು ಬರೆದು, ದರವನ್ನು ಅದೇ ಪತ್ರದಿಂದ ಎತ್ತಿಕೊಂಡು, ಉಳಿದ 325 ಡಾಲರನ್ನು ಕಾರಣ ತಿಳಿಯುವವರೆಗೂ ಬಾಕಿಯಾಗಿಯೇ ಬಿಡುವ ಅಭ್ಯಾಸ ಬೇಕು. ಅದನ್ನು ಎರಡು ತಂತ್ರಾಂಶಗಳೂ ಕಲಿಸುವುದಿಲ್ಲ.

ಆದ್ದರಿಂದ ಯಾವುದು ಮೇಲೆಂದು ತೂಗುವುದಕ್ಕಿಂತ, ಗ್ನೂಕ್ಯಾಶ್‌ನ ನಿಯಮವನ್ನು ಟ್ಯಾಲಿಯ ಮನೆಯೊಳಕ್ಕೆ ತರುವುದು ಲೇಸೆಂದು ನಮ್ಮ ಅಭಿಪ್ರಾಯ. ಋಣಿಗಳ ಗುಂಪಿನ ಕೆಳಗೆ ಡಾಲರಿನ ಋಣಿಗಳು, ಯೂರೋವಿನ ಋಣಿಗಳು ಎಂದು ಉಪಗುಂಪುಗಳನ್ನು ಮಾಡತಕ್ಕದ್ದು. ಒಂದು ಲೆಡ್ಜರಿನಲ್ಲಿ ಒಂದೇ ನಾಣ್ಯವನ್ನು ಬರೆಯತಕ್ಕದ್ದು. ಗುಣದ ಕಡಿತಕ್ಕೆ, ಬ್ಯಾಂಕಿನ ಶುಲ್ಕಕ್ಕೆ, ವಿನಿಮಯದ ವ್ಯತ್ಯಾಸಕ್ಕೆ ಬೇರೆಬೇರೆ ಲೆಡ್ಜರುಗಳಿರತಕ್ಕದ್ದು. ವಿದೇಶೀ ಋಣಿಗಳನ್ನು ದೇಶದಂತೆ ವಿಂಗಡಿಸುವ ಪದ್ಧತಿಯೂ ಕೆಲವೆಡೆ ಇದೆ. ಇದರಿಂದ ಪ್ರಯೋಜನವಿಲ್ಲ. ಸ್ಪೇನಿನ ಗ್ರಾಹಕ ಡಾಲರಿನಲ್ಲಿ ಕೊಳ್ಳಬಹುದು; 2022ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ರೂಪಾಯಿಯಲ್ಲಿಯೇ ಬಿಲ್ಲು ಮಾಡಿ ಹಣ ಪಡೆಯುವ ಏರ್ಪಾಡನ್ನು ಪ್ರಕಟಿಸಿದ ಮೇಲಂತೂ ಹೊರದೇಶದ ಋಣಿ ರೂಪಾಯಿಯ ಋಣಿಯೇ ಆಗಿರಲೂಬಹುದು.

ಮುಂಗಡದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು; ತಪ್ಪು ಅತಿ ಸುಲಭವಾಗಿ ನುಸುಳುವುದು ಇಲ್ಲಿಯೇ. ಗ್ರಾಹಕ ಸರಕಿಗೆ ಮೊದಲೇ 5,000 ಡಾಲರು ಕಳಿಸಿದರೆ, ಗುಮಾಸ್ತ ಅದನ್ನು ಆತನ ಋಣಿಖಾತೆಗೇ ಜಮೆ ಮಾಡುತ್ತಾನೆ. ವರ್ಷಾಂತ್ಯದಲ್ಲಿ ತಂತ್ರಾಂಶ ಖಾತೆಯ ಇಡೀ ಶಿಲ್ಕನ್ನು ಅಂದಿನ ದರಕ್ಕೆ ತಿರುಗಿಸುತ್ತದೆ; ಮುಂಗಡವೂ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಆದರೆ ಆ ಮುಂಗಡವನ್ನು ನಾವು ತೀರಿಸುವುದು ಡಾಲರಿನಿಂದಲ್ಲ, ಸರಕಿನಿಂದ. ಲೆಕ್ಕಮಾನಕದ ಭಾಷೆಯಲ್ಲಿ ಅದು ಹಣರೂಪದ ಬಾಬ್ತಲ್ಲ. ಬಂದ ದಿನದ ದರದಲ್ಲಿಯೇ ಅದು ನಿಲ್ಲಬೇಕು. ಡಾಲರಿನ ಬೆಲೆ ಏರಿದ ವರ್ಷದಲ್ಲಿ ಇದನ್ನು ಗಮನಿಸದವನು, ಎಂದೂ ಆಗದ ನಷ್ಟವನ್ನು ಪುಸ್ತಕದಲ್ಲಿ ಕಾಣುತ್ತಾನೆ. ಮುಂಗಡಕ್ಕೆ ಬೇರೆಯ ಲೆಡ್ಜರನ್ನಿಟ್ಟರೆ ಈ ಗೊಂದಲ ಹುಟ್ಟುವುದೇ ಇಲ್ಲ. ಪಠ್ಯಪುಸ್ತಕಗಳು ಈ ಮಾತನ್ನು ಸಿದ್ಧಾಂತದ ಅಧ್ಯಾಯದಲ್ಲಿ ಹೇಳಿ, ತಂತ್ರಾಂಶದ ಅಧ್ಯಾಯದಲ್ಲಿ ಮರೆಯುತ್ತವೆ.

ನಾವು ಸೂಚಿಸಿದ ಕ್ರಮಕ್ಕೆ ಒಂದು ಆಕ್ಷೇಪವುಂಟು. ಒಬ್ಬನೇ ಗ್ರಾಹಕ ಎರಡು ನಾಣ್ಯಗಳಲ್ಲಿ ಕೊಂಡರೆ ಆತನಿಗೆ ಎರಡು ಖಾತೆಗಳಾಗುತ್ತವೆ. ಆತನ ಒಟ್ಟು ಋಣವೆಷ್ಟು, ಇನ್ನೂ ಉದರಿ ಕೊಡಬಹುದೇ ಎಂಬುದು ಒಂದು ನೋಟಕ್ಕೆ ತಿಳಿಯುವುದಿಲ್ಲ. ಈ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಹರಿಹರದ ಗುಡಿಯ ಮೂರ್ತಿ ಅರ್ಧ ಹರಿ, ಅರ್ಧ ಹರ; ಪೂಜೆ ಮಾತ್ರ ಒಂದೇ ವಿಗ್ರಹಕ್ಕೆ ಸಲ್ಲುತ್ತದೆ. ಗ್ರಾಹಕನೂ ಒಬ್ಬನೇ. ಆದರೆ ಒಟ್ಟು ಋಣವನ್ನು ತಿಳಿಯಲು ಪಟ್ಟಿಯೊಂದು ಸಾಕು; ಅದಕ್ಕಾಗಿ ಖಾತೆಗಳನ್ನು ಬೆರಸಬೇಕಾಗಿಲ್ಲ. ಬೇರೆಯಾಗಿ ಬರೆದದ್ದನ್ನು ಯಾವಾಗ ಬೇಕಾದರೂ ಕೂಡಬಹುದು; ಬೆರಸಿ ಬರೆದದ್ದನ್ನು ವರ್ಷಾಂತ್ಯದಲ್ಲಿ ಬಿಡಿಸಲು ಹೊರಟವರ ಕಷ್ಟ ಅನುಭವಿಗಳಿಗೆ ಗೊತ್ತು.

ಬ್ಯಾಂಕಿನ ಕಡೆಯಿಂದಲೂ ಇದಕ್ಕೆ ಬೆಂಬಲವಿದೆ. ರಫ್ತಾದ ಸರಕಿಗೆ ಹಣ ಬಂತೇ ಎಂಬುದನ್ನು ತಾಳೆ ನೋಡಲು ರಿಸರ್ವ್ ಬ್ಯಾಂಕು 2014ರಲ್ಲಿ ಇಡಿಪಿಎಂಎಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಅಲ್ಲಿ ಲೆಕ್ಕ ನಡೆಯುವುದು ಷಿಪ್ಪಿಂಗ್ ಬಿಲ್ಲಿನಿಂದ ಷಿಪ್ಪಿಂಗ್ ಬಿಲ್ಲಿಗೆ, ಬಿಲ್ಲಿನ ನಾಣ್ಯದಲ್ಲಿ. ಗೊತ್ತಾದ ಅವಧಿಯಲ್ಲಿ ಯಾವ ಬಿಲ್ಲಿಗೆ ಎಷ್ಟು ಡಾಲರು ಬರಲಿಲ್ಲ, ಏಕೆ ಬರಲಿಲ್ಲ ಎಂದು ಬ್ಯಾಂಕು ಕೇಳುತ್ತದೆ. ನಮ್ಮ ಉದಾಹರಣೆಯ ಗುಮಾಸ್ತನ ಪುಸ್ತಕದಲ್ಲಿ ಆ ಬಿಲ್ಲಿಗೆ 20,000 ಡಾಲರೂ ಬಂದಿದೆ. ಬ್ಯಾಂಕಿನ ಪುಸ್ತಕದಲ್ಲಿ 325 ಕಡಮೆಯಿದೆ. ಇದರ ಜೊತೆಗೆ ಷಿಪ್ಪಿಂಗ್ ಬಿಲ್ಲಿನ ರೂಪಾಯಿಯ ಮೊತ್ತ ಸುಂಕದ ಇಲಾಖೆಯವರು ಪ್ರಕಟಿಸಿದ ದರದಿಂದ ಬಂದದ್ದು; ವ್ಯವಹಾರದ ದಿನದ ದರ ಬೇರೆ, ಬ್ಯಾಂಕು ಕೊಟ್ಟ ದರ ಮತ್ತೂ ಬೇರೆ. ಒಂದೇ ಬಿಲ್ಲಿಗೆ ಹೀಗೆ ಮೂರು ರೂಪಾಯಿಯ ಬೆಲೆಗಳು. ಮೂರರಲ್ಲಿಯೂ ಬದಲಾಗದೆ ಇರುವುದು ಡಾಲರಿನ ಅಂಕಿಯೊಂದೇ. ತಾಳೆ ನೋಡಲು ಅದೇ ಆಧಾರ.

ಅಧ್ಯಾಪಕಮಿತ್ರರಲ್ಲಿ ನಮ್ಮದೊಂದು ವಿಜ್ಞಾಪನೆ. ಪ್ರಯೋಗಪರೀಕ್ಷೆಯಲ್ಲಿ ಪೂರ್ತಿ ಹಣ ಬಂದ ಬಿಲ್ಲನ್ನು ಕೊಡುವ ಬದಲು, ಮೇಲಿನಂತೆ 325 ಡಾಲರು ಕಡಮೆ ಬಂದ ಬಿಲ್ಲನ್ನೂ, ಬ್ಯಾಂಕಿನ ಸೂಚನಾಪತ್ರವನ್ನೂ, ಗ್ರಾಹಕನ ಕಡಿತದ ಪತ್ರವನ್ನೂ ವಿದ್ಯಾರ್ಥಿಯ ಮುಂದಿಡಬಹುದು. ಬರೆಯಲು ಅರ್ಧ ಗಂಟೆ ಸಾಕು. ವಿನಿಮಯದಿಂದ ಆದದ್ದು ಲಾಭವೋ ನಷ್ಟವೋ ಎಂಬ ಒಂದೇ ಪ್ರಶ್ನೆಯನ್ನು ಕೊನೆಯಲ್ಲಿ ಕೇಳಿ, 15,170 ನಷ್ಟವೆಂದು ಬರೆದವರೆಷ್ಟು, 11,805 ಲಾಭವೆಂದು ಬರೆದವರೆಷ್ಟು ಎಂದು ಎಣಿಸಿ ನೋಡಬೇಕು.